ಐವತ್ನಾಲ್ಕು ಪರ್ಸೆಂಟಿನ ಆಪಾ

ಕಳೆದ ತಿಂಗಳು ಕೊಪ್ಪಳದ ಬಸ್ ಸ್ಟ್ಯಾಂಡಿನ ಹತ್ತಿರದ ಝೆರಾಕ್ಸ್ ಅಂಗಡಿಯಲ್ಲಿ ನಾನು ಕಿರುಚಿಬಿಟ್ಟೆ. ಮಗಳ ಪಿಯುಸಿ ಮಾರ್ಕ್ಸ್ ಕಾರ್ಡಿನ ನಾಲ್ಕು ಪ್ರತಿ ತೆಗೆಸಲು ಹೋಗಿದ್ದೆವು. ಅಂಗಡಿಯವನು ಪ್ರತಿಗಳನ್ನು ಕೊಟ್ಟು, ನಾವು ಹೇಳದೆಯೇ ಒರಿಜಿನಲ್ ಕಾರ್ಡನ್ನು ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಇಟ್ಟು ಪಕ್ಕದ ಲ್ಯಾಮಿನೇಷನ್ ಯಂತ್ರದ ಬಾಯಿಗೆ ಹಿಡಿದಿದ್ದ. ಯಂತ್ರದ ಇನ್ನೊಂದು ಕಡೆಯಿಂದ ಬೇರೆ ಯಾರದೋ ಕಾರ್ಡು ಆಗಷ್ಟೇ ಬಿಸಿಬಿಸಿಯಾಗಿ ಹೊರಬರುತ್ತಿತ್ತು. ಆ ವಾಸನೆ ಬಂತು ನೋಡಿ... ಕಾದ ಪ್ಲಾಸ್ಟಿಕ್ಕಿನ, ಗಂಟಲಿಗೆ ಹತ್ತಿಕೊಂಡು ಬಿಡದಂಥ ವಾಸನೆ. "ಬ್ಯಾಡ! ತೆಗೀರಿ ಅದನ್ನ!" ಎಂದು ನಾನು ಕೂಗಿದ್ದಕ್ಕೆ ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು.

"ಇಷ್ಟ್ಯಾಕ ಸಿಟ್ಟಾಗ್ತೀರಿ ಸರ? ನಾ ಏನ್ ಸುಡಾಕತ್ತಿದ್ನೇನು?" ಎಂದ ಅಂಗಡಿಯವನು. ಮಗಳ ಮುಖ ಕೆಂಪಾಗಿತ್ತು. ಹೊರಗೆ ಬಂದ ಮೇಲೆ "ಏನಾತಪ್ಪಾ ನಿನಗ?" ಎಂದು ಕೇಳಿದಳು. ಏನಿಲ್ಲ, ಬಿಸಿಲು ಎಂದೆ. ಕೊಪ್ಪಳದಲ್ಲಿ ಯಾವ ತಪ್ಪನ್ನಾದರೂ ಬಿಸಿಲಿನ ಮೇಲೆ ಹೊರಿಸಬಹುದು, ಯಾರೂ ಎರಡನೇ ಸಲ ಕೇಳುವುದಿಲ್ಲ. ಆದರೆ ಅವಳ ಪ್ರಶ್ನೆಗೆ ಉತ್ತರ ಬಿಸಿಲಲ್ಲ. ಹನ್ನೊಂದು ವರ್ಷದ ಹಿಂದೆ ನಮ್ಮ ಓಣಿಯಲ್ಲಿದ್ದ ಒಬ್ಬ ಹೆಣ್ಣುಮಗಳು.

ನಾನು ಯಲಬುರ್ಗಾ ತಾಲೂಕಿನ ಒಂದು ಡಿಗ್ರಿ ಕಾಲೇಜಿನ ಆಫೀಸಿನಲ್ಲಿ ಗುಮಾಸ್ತ. ಕಾಲೇಜಿನ ಹೆಸರು ಬರೆಯುವುದಿಲ್ಲ. ಇಲ್ಲಿ ಬರುವ ತಪ್ಪು ಕಾಲೇಜಿನದಲ್ಲ, ನನ್ನದು. ಜೂನ್ ತಿಂಗಳಲ್ಲಿ ಅಡ್ಮಿಷನ್ ಕೌಂಟರಿನಲ್ಲಿ ಕೂರುವುದು ಅಂದಿನಿಂದ ಇಂದಿನವರೆಗೆ ನನ್ನ ಕೆಲಸ. ಈಗ ಅರ್ಜಿಯನ್ನು ಕಂಪ್ಯೂಟರಿನಲ್ಲಿ ತುಂಬುತ್ತಾರೆ, ಆಗ ಕಾಗದದಲ್ಲಿ ತುಂಬುತ್ತಿದ್ದರು. ಉಳಿದಂತೆ ಅದೇ ಕಿಂಡಿ, ಅದೇ ನಾನು.

ಆಪಾ ಎಂದರೆ ಉರ್ದುವಿನಲ್ಲಿ ಅಕ್ಕ, ನಮ್ಮ ಓಣಿಯಲ್ಲಿ ಆಪಾ ಎಂದರೆ ಒಬ್ಬರೇ. ಹೆಸರಿತ್ತು, ಆಮೇಲೆ ಕಾರ್ಡಿನಲ್ಲಿ ಅದನ್ನು ಓದಿಯೂ ಇದ್ದೇನೆ. ಆದರೆ ಆಕೆಗಿಂತ ಹಿರಿಯರು ಕೂಡ, ಯಾವ ಜಾತಿಯವರೇ ಇರಲಿ, ಆಪಾ ಎಂದೇ ಕರೆಯುತ್ತಿದ್ದರು. ಆಗ ಮೂವತ್ತೆರಡೋ ಮೂವತ್ಮೂರೋ ವಯಸ್ಸು. ಗಂಡ ಸಂತೆಯಿಂದ ಸಂತೆಗೆ ಟೆಂಪೋ ಓಡಿಸುತ್ತಿದ್ದ. ಒಬ್ಬಳು ಮಗಳು, ನಾಲ್ಕನೇ ಇಯತ್ತೆಯಲ್ಲಿದ್ದಳು. ನಮ್ಮ ಮನೆಯಿಂದ ನಾಲ್ಕು ಮನೆ ದಾಟಿದರೆ ತಗಡಿನ ಚಪ್ಪರದ ಕೆಳಗೆ ಆಪಾನ ಹೊಲಿಗೆ ಮಷಿನ್ನು, ಪಕ್ಕದಲ್ಲಿ ಹಲಗೆಯ ಮೇಲೆ ಇದ್ದಲಿ ತುಂಬುವ ಹಳೆಯ ಇಸ್ತ್ರಿ ಪೆಟ್ಟಿಗೆ. ಮೇ ತಿಂಗಳ ಕೊನೆ ಬಂತೆಂದರೆ ಊರಿನ ಅರ್ಧ ಮಕ್ಕಳ ಸಾಲಿ ಯುನಿಫಾರ್ಮು ಅಲ್ಲೇ ಹೊಲಿಗೆಯಾಗುತ್ತಿತ್ತು.

ಮಕ್ಕಳ ಬಟ್ಟೆಯನ್ನು ಒಂದಿಷ್ಟು ದೊಡ್ಡದಾಗಿ ಹೊಲಿಯುವುದು ಎಲ್ಲ ದರ್ಜಿಗಳಿಗೂ ಗೊತ್ತು. ಆಪಾನ ಪದ್ಧತಿ ಬೇರೆ. ಬಟ್ಟೆ ಮೈಗೆ ಸರಿಯಾಗಿಯೇ ಇರುತ್ತಿತ್ತು, ಒಳಗೆ ಮಾತ್ರ ಮಡಿಕೆ ಬಿಡುತ್ತಿದ್ದಳು. ಎಷ್ಟು ಬಿಡಬೇಕು ಎಂದು ತಿಳಿಯಲು ಮಗುವಿನ ವಯಸ್ಸು ಕೇಳುತ್ತಿರಲಿಲ್ಲ, "ಇಕಿ ಅಪ್ಪ ಎಷ್ಟು ಎತ್ತರ ಅದಾರ?" ಎಂದು ಕೇಳುತ್ತಿದ್ದಳು. ಎರಡನೇ ಇಯತ್ತೆಯಲ್ಲಿದ್ದ ನನ್ನ ಮಗಳ ಅಳತೆ ಕೊಡಲು ಹೋದಾಗ ನನ್ನನ್ನು ಕೆಳಗಿನಿಂದ ಮೇಲಿನವರೆಗೆ ಒಮ್ಮೆ ನೋಡಿ, "ನಾಕು ಬಟ್ಟು ಬಿಡ್ತೀನ್ರಿ, ಉದ್ದ ಆಗಾಕಿ ಇಕಿ" ಎಂದಿದ್ದಳು. ಆ ಲಂಗವನ್ನು ಒಂದೊಂದು ಬೆರಳಗಲದಂತೆ ಮೂರು ಸಲ ಬಿಚ್ಚಿ ಇಳಿಸಿದೆವು.

ಆ ಜೂನಿನಲ್ಲಿ ಒಂದು ಸಂಜೆ ಯುನಿಫಾರ್ಮು ಕೊಡಲು ಮನೆಗೆ ಬಂದಾಕೆ ಹೊಸ್ತಿಲಲ್ಲೇ ಕೂತಳು. ನನ್ನ ಹೆಂಡತಿ ಚಹಾ ಕೊಟ್ಟಳು. ಆಪಾ ಚಹಾ ಕುಡಿಯದೆ ಬಸಿಯ ಅಂಚನ್ನು ಬೆರಳಿನಿಂದ ಸವರುತ್ತ ಕೂತಿದ್ದಳು.

"ಅಣ್ಣಾ, ಒಂದು ಮಾತು ಕೇಳ್ತೀನಿ, ನಗಬಾರ್ದು ನೋಡ್ರಿ. ಮದುವಿಗಿಂತ ಮದ್ಲ ನಾ ಪಿಯುಸಿ ಪಾಸಾಗೀನಿ. ಐವತ್ನಾಕು ಪರ್ಸೆಂಟ್ ಅದಾವು. ನನ್ನಂಥಾಕಿಗೆ ನಿಮ್ಮ ಕಾಲೇಜಿನ್ಯಾಗ ಸೀಟು ಕೊಡ್ತಾರೇನ್ರಿ?"

ಯಾಕೆ ಆಪಾ, ಈಗ ಯಾಕೆ ಎಂದು ಹೆಂಡತಿ ಕೇಳಿದಳು. ಬಿ.ಎ. ಮಾಡಿ, ಆಮೇಲೆ ಬಿ.ಎಡ್. ಮಾಡಿ, ಉರ್ದು ಸಾಲಿಯಲ್ಲಿ ಟೀಚರ್ ಆಗಬೇಕು ಎಂಬ ಆಸೆ. "ಆ ಹುಡುಗ್ರ ಅಂಗಿ ಅಳತಿ ಎಲ್ಲಾ ನನಗ ಗೊತ್ತೈತಿ ವೈನಿ. ಪಾಠಾನೂ ಮಾಡಿ ನೋಡೋಣಂತ" ಎಂದು ನಕ್ಕಳು. ಗಂಡ ಒಪ್ಪಿದ್ದನಂತೆ, ಅತ್ತೆ ಒಪ್ಪಿರಲಿಲ್ಲವಂತೆ, ಈಗ ಅತ್ತೆಯೂ "ಈ ವರ್ಷ ಆದ್ರ ಆತು, ಇಲ್ಲಾಂದ್ರ ಮತ್ತ ಆ ಸುದ್ದಿ ತಗೀಬ್ಯಾಡ" ಎಂದು ಒಂದು ವರ್ಷದ ಮಟ್ಟಿಗೆ ಬಾಗಿಲು ತೆರೆದಿದ್ದಳಂತೆ.

ಅವಳು ಕೇಳಿದ ಪ್ರಶ್ನೆಗೆ ಉತ್ತರ ಬಹಳ ಸುಲಭದ್ದು. ನಮ್ಮಲ್ಲಿ ಬಿ.ಎ.ಗೆ ಪಾಸಾದ ಯಾರು ಬಂದರೂ ಸೀಟು ಇತ್ತು. ಐವತ್ನಾಲ್ಕು ಏಕೆ, ಮೂವತ್ತಾರಕ್ಕೂ ಇತ್ತು. ಅಷ್ಟನ್ನೇ ಹೇಳಿ ಸುಮ್ಮನಾಗಬಹುದಿತ್ತು. ನಾನು ಕಾಲ ಮೇಲೆ ಕಾಲು ಹಾಕಿಕೊಂಡು, "ನಾ ಅದೀನಲ್ರಿ ಆಪಾ, ಕಾರ್ಡ್ ತಗೊಂಡು ಕೌಂಟರಿಗೆ ಬರ್ರಿ. ಸೀಟು ಕೊಡೋರ ನಾವು" ಎಂದೆ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನನಗಿದ್ದ ಐಶ್ವರ್ಯವಾದರೂ ಏನು? ಒಂದು ಕಿಂಡಿ, ಒಂದು ಸ್ಟೂಲು, ಒಂದು ರಬ್ಬರ್ ಸ್ಟ್ಯಾಂಪು.

ಈ ಐಶ್ವರ್ಯ ಬಂದ ದಾರಿಯನ್ನೂ ಹೇಳಿಬಿಡುತ್ತೇನೆ. ಪಿಯುಸಿಯಲ್ಲಿ ನನಗೆ ಬಂದದ್ದು ಐವತ್ಮೂರು ಪರ್ಸೆಂಟು. ಫೇಲಾದವನನ್ನು ಅಪ್ಪ ಬೈಯುತ್ತಾನೆ, ಅವ್ವ ಅಳುತ್ತಾಳೆ, ಓಣಿಯವರು ಸಮಾಧಾನ ಹೇಳುತ್ತಾರೆ. ಎಂಬತ್ತು ಬಂದವನಿಗೆ ಪೇಢೆ. ಐವತ್ಮೂರು ಬಂದವನಿಗೆ ಏನೂ ಇಲ್ಲ. ಕೇಳಿದವರು "ಹಾಂ, ಪಾಸಾತಲ್ಲ" ಎಂದು ಮಾತು ಬದಲಿಸುತ್ತಾರೆ. ನಾನು ಒಂದು ವರ್ಷ ಕಾಲೇಜುಗಳ ಬಾಗಿಲಿಗೆ ಅಡ್ಡಾಡಿ, ಕೇಳಿದ ಕೋರ್ಸು ಸಿಗದೆ, ಸಿಕ್ಕಿದ್ದನ್ನು ಓದುವ ಮನಸ್ಸಿಲ್ಲದೆ ಮನೆಯಲ್ಲಿ ಕೂತಿದ್ದಾಗ, ಸರ್ಕಾರಿ ನೌಕರಿಯಲ್ಲಿದ್ದ ಅಪ್ಪ ಎದೆ ಹಿಡಿದುಕೊಂಡು ಹೋಗಿಬಿಟ್ಟ. ಅನುಕಂಪದ ಮೇಲೆ ನನಗೆ ಈ ಕುರ್ಚಿ ಸಿಕ್ಕಿತು. ಅಂಕಗಳಿಂದ ಬಂದ ನೌಕರಿಯಲ್ಲ, ಅಪ್ಪ ಸತ್ತು ಕೊಟ್ಟ ನೌಕರಿ. ಆಫೀಸಿನಲ್ಲಿ ನನ್ನ ಬೆನ್ನ ಹಿಂದೆ "ಅನುಕಂಪದವ" ಎಂದು ಕರೆಯುತ್ತಿದ್ದುದು ನನಗೆ ಗೊತ್ತಿತ್ತು. ಹಾಗಾಗಿ ನಾನು ಎಲ್ಲರಿಗಿಂತ ಖಡಕ್ಕಾಗಿ ಇರುತ್ತಿದ್ದೆ. ಬೇರೆಯವರ ಮಾರ್ಕ್ಸ್ ಕಾರ್ಡು ನೋಡುವಾಗ ನನ್ನ ಹುಬ್ಬು ತಾನಾಗಿ ಗಂಟಿಕ್ಕುತ್ತಿತ್ತು.

ಆಪಾ ಬಂದದ್ದು ಅಡ್ಮಿಷನ್ನಿನ ಕೊನೆಯ ದಿನದ ಹಿಂದಿನ ದಿನ. ಹೊಸದಾಗಿ ಬಂದಿದ್ದ ಲೆಕ್ಚರರ್ ಒಬ್ಬರು ಆವತ್ತು ಕೌಂಟರಿನ ಒಳಗೆ ನನ್ನ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದರು. ಬೆಳಗಿನಿಂದ ಅವರದು ಒಂದೇ ರಾಗ. "ಈ ಐವತ್ತರ ಗಿರಾಕಿಗಳನ್ನ ತುಂಬ್ಕೊಂಡು ರಿಸಲ್ಟ್ ಎಲ್ಲಿಂದ ತರೋಣ್ರಿ?" ಎನ್ನುವರು. "ಖರೇ ಐತ್ರಿ ಸರ" ಎಂದು ನಾನು ಎಲ್ಲರಿಗಿಂತ ಜೋರಾಗಿ ನಗುವೆ.

ಹುಡುಗರ ಸಾಲಿನಲ್ಲಿ ಆಪಾ ನಿಂತಿದ್ದಳು. ಕೈಯಲ್ಲಿ ಕರವಸ್ತ್ರದಲ್ಲಿ ಸುತ್ತಿದ ಕಾರ್ಡು. ಹೊಲಿಗೆಯ ನಡುವೆ ಎದ್ದು ಬಂದಿದ್ದಳೆಂದು ಕಾಣುತ್ತದೆ, ಅಳತೆಯ ಟೇಪು ಕೊರಳಲ್ಲೇ ಉಳಿದಿತ್ತು. ಹುಡುಗಿಯರು ಅದನ್ನು ನೋಡಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಕಿಂಡಿಯ ಹತ್ತಿರ ಬಂದು "ಅಣ್ಣಾ, ಬಂದೆ ನೋಡ್ರಿ" ಎಂದು ಕಾರ್ಡನ್ನು ಒಳಗೆ ತಳ್ಳಿದಳು. ದಪ್ಪ ಲ್ಯಾಮಿನೇಷನ್ ಮಾಡಿದ್ದ ಕಾರ್ಡು. ಆಕೆ ಪಾಸಾದ ದಿನ ಆಕೆಯ ಅಪ್ಪ ಕಾರ್ಡು ಹಿಡಿದುಕೊಂಡು ಗಂಗಾವತಿಗೆ ಹೋಗಿ ಮಾಡಿಸಿಕೊಂಡು ಬಂದಿದ್ದನಂತೆ. ನಮ್ಮ ಕಡೆ ಆಗ ಎಲ್ಲರೂ ಹಾಗೆಯೇ. ಮಾರ್ಕ್ಸ್ ಕಾರ್ಡು ಕೈಗೆ ಬಂದರೆ ಬಾಯಿ ಸಿಹಿ ಮಾಡುವುದು ಆಮೇಲೆ, ಮೊದಲು ಲ್ಯಾಮಿನೇಷನ್. ಮಳೆ, ಇಲಿ, ಎಣ್ಣೆಯ ಕೈ, ಯಾವುದೂ ಮುಟ್ಟಬಾರದು.

"ಯಾರ್ರಿ ಇವ್ರು, ನಿಮ್ಮ ಪೈಕಿನೇನು?" ಎಂದರು ಲೆಕ್ಚರರ್.

"ಓಣ್ಯಾಗಿನವ್ರು ಸರ."

"ಎಷ್ಟೈತಿ?"

"ಐವತ್ನಾಕ್ರಿ."

ಅವರು ಲೊಚ್ಚೆಂದು ನಾಲಿಗೆ ಸದ್ದು ಮಾಡಿದರು. ಆಪಾಗೆ ಅದು ಕೇಳಿಸಿತು. ನನಗೇನೋ ಕಷ್ಟ ಬಂತು, ನೆರವಾಗಬೇಕು ಎಂದುಕೊಂಡಳೋ ಏನೋ... ಕಿಂಡಿಗೆ ಬಾಗಿ, ಮುಖದ ತುಂಬ ನಗುತ್ತ, ಒಳ್ಳೆಯ ಮನಸ್ಸಿನಿಂದಲೇ ಅಂದಳು: "ಅಡ್ಡಿಯಿಲ್ರಿ ಸರ, ಅಣ್ಣಾಗೂ ಐವತ್ಮೂರ ಬಿದ್ದಿದ್ದಂತ, ವೈನಿ ಹೇಳ್ಯಾರ. ಈಗ ಕಾಲೇಜಿನ್ಯಾಗ ಎಷ್ಟು ಛಲೋ ಅದಾರ ನೋಡ್ರಿ! ನಂದು ಒಂದು ಹೆಚ್ಚ ಐತಿ."

ನನ್ನ ಹೆಂಡತಿ ಆಕೆಗೆ ಧೈರ್ಯ ಬರಲಿ ಎಂದು ಹೇಳಿದ ಮಾತು ಅದು. ಸಾಲಿನಲ್ಲಿದ್ದ ಹುಡುಗರು ಘೊಳ್ಳೆಂದರು. ಲೆಕ್ಚರರ್ ಕುರ್ಚಿಯಲ್ಲಿ ಹಿಂದಕ್ಕೆ ಬಾಗಿ ನಕ್ಕರು. "ಓಹೋ, ಹಂಗಾದ್ರ ನಿಮಗಿಂತ ಶಾಣ್ಯಾ ಅದಾರ್ರೀ ಇವ್ರು!"

ನನ್ನ ಕಿವಿ ಸುಟ್ಟ ಹಾಗಾಯಿತು. ಇಷ್ಟು ವರ್ಷ ಆಫೀಸಿನಲ್ಲಿ ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಅಂಕಿ ಅದು. ಕಾರ್ಡನ್ನು ಹಿಂದುಮುಂದು ಮಾಡಿ ನೋಡಿದೆ. ಆರುನೂರಕ್ಕೆ ಮುನ್ನೂರ ಇಪ್ಪತ್ನಾಲ್ಕು, ತಪ್ಪು ಹಿಡಿಯಲು ಏನೂ ಇರಲಿಲ್ಲ. ಬೆರಳಿಗೆ ಪ್ಲಾಸ್ಟಿಕ್ಕು ತಾಗಿತು.

"ಇದನ್ಯಾರು ಲ್ಯಾಮಿನೇಷನ್ ಮಾಡ್ಸು ಅಂದ್ರು? ಲ್ಯಾಮಿನೇಷನ್ ಮಾಡಿದ್ದು ನಡಿಯಂಗಿಲ್ಲ. ಹಿಂದ ಸೀಲ್ ಹಾಕಬೇಕು. ಕಿತ್ತುಕೊಂಡು ತರ್ರಿ" ಎಂದೆ.

ಅವಳ ನಗು ಅಲ್ಲೇ ನಿಂತಿತು. "ಅದು ಕೀಳಾಕ ಬರ್ತೈತೇನ್ರಿ ಅಣ್ಣಾ?"

"ಅದು ನಿಮಗ ಬಿಟ್ಟದ್ದು. ನಾಳೆ ಕಡೀ ದಿನ. ಹ್ಞೂಂ, ಮುಂದಿನವ್ರು ಬರ್ರಿ."

ಮಾರ್ಕ್ಸ್ ಕಾರ್ಡಿನ ಹಿಂದೆ ನಾವು ಯಾವ ಸೀಲನ್ನೂ ಹಾಕುತ್ತಿರಲಿಲ್ಲ. ಅದೇ ದಿನ ಬೆಳಗ್ಗೆ ಎಷ್ಟೋ ಹುಡುಗರ ಲ್ಯಾಮಿನೇಟೆಡ್ ಕಾರ್ಡನ್ನು ನಾನೇ ನೋಡಿ, ನಾನೇ ಪಾಸು ಮಾಡಿದ್ದೆ. ಆ ನಿಯಮ ಹುಟ್ಟಿದ್ದು ಆ ಕ್ಷಣದಲ್ಲಿ, ನನ್ನ ಬಾಯಲ್ಲಿ. ಸಾಲಿನಲ್ಲಿದ್ದ ಒಬ್ಬರೂ ಅದನ್ನು ಪ್ರಶ್ನಿಸಲಿಲ್ಲ. ಕಿಂಡಿಯ ಒಳಗಿನಿಂದ ಬಂದದ್ದೆಲ್ಲ ಕಾನೂನೇ ಎಂದು ನಮ್ಮ ಜನ ನಂಬುತ್ತಾರೆ. ಲೆಕ್ಚರರ್ ಕೂಡ "ಹೌದೇನ್ರಿ? ನನಗ ಗೊತ್ತಿದ್ದಿಲ್ಲ" ಎಂದು ಮೆಚ್ಚಿಗೆಯಿಂದ ನನ್ನನ್ನು ನೋಡಿದರು. ನಾಚಿಕೆಯಾಗಬೇಕಿತ್ತು. ನನಗೆ ಆಗ ಆದದ್ದು ಸಮಾಧಾನ.

ಸಂಜೆ ಮನೆಯಲ್ಲಿ ಚಹಾ ಕುಡಿಯುತ್ತಿದ್ದೆ. ಆ ವಾಸನೆ ಬಂತು. ಹೆಂಡತಿ ಮೂಗು ಏರಿಸಿ, "ಎಲ್ಲೋ ಪ್ಲಾಸ್ಟಿಕ್ ಸುಡಾಕತ್ತೈತಿ ನೋಡ್ರಿ" ಎಂದಳು. ಗೊತ್ತಾಗಲಿಲ್ಲ ಎಂದು ಇಲ್ಲಿ ಬರೆಯಬಹುದು, ಯಾರು ಕೇಳುತ್ತಾರೆ? ಆದರೆ ನನಗೆ ಗೊತ್ತಾಯಿತು. ಇದ್ದಲಿ ತುಂಬಿದ ಆ ಇಸ್ತ್ರಿ ಪೆಟ್ಟಿಗೆ ಕಣ್ಣ ಮುಂದೆ ಬಂತು. ನಾಲ್ಕು ಮನೆ ದಾಟಿ ಹೋಗಿ, "ಬಿಡ್ರಿ ಆಪಾ, ಹಂಗ ತರ್ರಿ, ನಡೀತೈತಿ" ಎಂದಿದ್ದರೆ ಮುಗಿಯುತ್ತಿತ್ತು. ಚಪ್ಪಲಿ ಹಾಕಿಕೊಳ್ಳುವಷ್ಟು ಹೊತ್ತಿನ ಕೆಲಸ. "ಇನ್ನರ್ಧ ಕಪ್ ಕೊಡು" ಎಂದೆ.

ಮರುದಿನ ಮಧ್ಯಾಹ್ನ ಆಪಾ ಬಂದಳು. ಸಾಲು ಕರಗಿತ್ತು, ಲೆಕ್ಚರರ್ ಇರಲಿಲ್ಲ, ಕಿಂಡಿಯ ಮುಂದೆ ಆಕೆ ಒಬ್ಬಳೇ. ಮಗಳ ನೋಟ್‌ಬುಕ್ಕಿನ ನಡುವಿನಿಂದ ಎರಡು ವಸ್ತು ತೆಗೆದಳು. ಒಂದು ಕಾಗದ. ಅಲ್ಲಲ್ಲಿ ಸಿಪ್ಪೆ ಸುಲಿದ ಹಾಗಾಗಿ, ಒಂದು ಮೂಲೆ ಕಂದಿತ್ತು. ಇನ್ನೊಂದು ಸೊಟ್ಟಗಾದ ಪ್ಲಾಸ್ಟಿಕ್ ಹಾಳೆ.

"ಇಸ್ತ್ರಿ ಇಟ್ರ ಬಿಡ್ತೈತಿ ಅಂದ್ರು ಅಣ್ಣಾ. ಮ್ಯಾಲೆ ಅರಿವಿ ಹಾಕೇ ಇಟ್ಟಿದ್ದೆ... ಅಂಕಿ ಎಲ್ಲಾ ಪ್ಲಾಸ್ಟಿಕ್ಕಿಗೆ ಹತ್ಕೊಂಡು ಬಂದುಬಿಟ್ಟಾವು. ಆದ್ರ ಮ್ಯಾಲೆ ಇಟ್ಟು ಹಿಡದ್ರ ಓದಾಕ ಬರ್ತೈತ್ರಿ, ನೋಡ್ರಿ."

ಹಾಗೆಂದು ಪ್ಲಾಸ್ಟಿಕ್ಕನ್ನು ಕಾಗದದ ಮೇಲೆ ಇಟ್ಟು, ಅಂಚಿಗೆ ಅಂಚು ಕೂಡಿಸಿ, ಎರಡು ಬಟ್ಟೆಗಳನ್ನು ಹೊಲಿಯುವ ಮೊದಲು ಜೋಡಿಸಿ ಹಿಡಿಯುತ್ತಾರಲ್ಲ ಹಾಗೆ, ಎರಡೂ ಕೈಯ ಹೆಬ್ಬೆರಳಿನಿಂದ ಒತ್ತಿ ಹಿಡಿದಳು. ನಿಜವಾಗಿಯೂ ಓದಲು ಬರುತ್ತಿತ್ತು. ಮುನ್ನೂರ ಇಪ್ಪತ್ನಾಲ್ಕು. ಹೆಸರು ಕಾಣುತ್ತಿತ್ತು, ಅಪ್ಪನ ಹೆಸರೂ ಕಾಣುತ್ತಿತ್ತು.

"ಹಳೇ ಝೆರಾಕ್ಸ್ ಒಂದೈತ್ರಿ, ಬೇಕಾದ್ರ ಅದೂ ತಂದೀನಿ" ಎಂದಳು.

ಬೇಕಾದದ್ದು ಅಷ್ಟೇ ಆಗಿತ್ತು. ಝೆರಾಕ್ಸ್ ಇಟ್ಟುಕೊಂಡು, ಒರಿಜಿನಲ್ ಆಮೇಲೆ ತರುತ್ತಾರೆ ಎಂದು ಬರೆದುಕೊಂಡು ಸೇರಿಸಿಕೊಳ್ಳಬಹುದಿತ್ತು. ಎಷ್ಟು ಜನರಿಗೆ ಹಾಗೆ ಮಾಡಿಲ್ಲ! ಆ ವರ್ಷ ಬಿ.ಎ. ಸೀಟುಗಳು ತುಂಬಲೂ ಇಲ್ಲ, ಖಾಲಿ ಉಳಿದವು. ಆದರೆ ಇವತ್ತು ಝೆರಾಕ್ಸ್ ನಡೆಯುತ್ತದೆ ಎಂದರೆ ನಿನ್ನೆ ಲ್ಯಾಮಿನೇಷನ್ ಯಾಕೆ ನಡೆಯಲಿಲ್ಲ? ಆಕೆ ಕೇಳುತ್ತಿರಲಿಲ್ಲ, ಅದು ನನಗೆ ಗೊತ್ತು. ಆದರೂ ನಿನ್ನೆ ಹೇಳಿದ್ದು ಸುಳ್ಳಾಗಬಾರದು ಎಂದು ನನ್ನೊಳಗಿನ ಯಾವನೋ ಪಟ್ಟು ಹಿಡಿದ. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಆ ಪೂಜಾರಿಯನ್ನು ನಾನು ಒಳಗಿನಿಂದ ಬಲ್ಲೆ.

"ಹಿಂಗ ಹಾಳಾದ ಕಾರ್ಡ್ ತಗೊಳ್ಳಾಕ ಬರಂಗಿಲ್ಲ ಆಪಾ. ಡುಪ್ಲಿಕೇಟ್ ತಗಸಬೇಕು. ನಾನ ಬರದು ಕಳಸ್ತೀನಿ. ಮುಂದಿನ ವರ್ಷ ಪಕ್ಕಾ."

ಆಕೆ ಕಾಗದವನ್ನೂ ಪ್ಲಾಸ್ಟಿಕ್ಕನ್ನೂ ಮತ್ತೆ ನೋಟ್‌ಬುಕ್ಕಿನಲ್ಲಿ ಇಟ್ಟಳು. ಮುಂದಿನ ವರ್ಷ ಎಂಬುದು ಅವಳ ಮನೆಯಲ್ಲಿ ಇರಲಿಲ್ಲ, ಅದನ್ನು ನಮ್ಮ ಹೊಸ್ತಿಲಲ್ಲಿ ಕೂತು ಹೇಳಿದ್ದಳು. ಅದನ್ನು ನೆನಪಿಸಲಿಲ್ಲ. "ನಂದ ತಪ್ಪಾತು ಬಿಡ್ರಿ ಅಣ್ಣಾ. ಇದ್ದಲಿ ಇಸ್ತ್ರಿ, ಭಾಳ ಕಾದುಬಿಟ್ಟಿತ್ತು. ನಿಮಗ ಸುಮ್ನ ತ್ರಾಸ ಕೊಟ್ಟೆ" ಎಂದಳು. ಹೋಗುವಾಗ ನಮಸ್ಕಾರವನ್ನೂ ಮಾಡಿದಳು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಡುಪ್ಲಿಕೇಟಿನ ಅರ್ಜಿ ಏನಾಯಿತು ಎಂದು ಕೇಳುತ್ತೀರಿ. ಫಾರ್ಮು ತಂದದ್ದು ನಿಜ. ಆಪಾನ ಸಹಿ ಹಾಕಿಸಿಕೊಂಡದ್ದೂ ನಿಜ. ಆಮೇಲೆ ಇವತ್ತು ನಾಳೆ ಎಂದು ಅದು ನಮ್ಮ ಮನೆಯ ಕಪಾಟಿನಲ್ಲಿ ಹಳೆಯ ಪಂಚಾಂಗದ ಕೆಳಗೆ ಸೇರಿಕೊಂಡಿತು. ಕಳಿಸಿದರೆ ಕಾರ್ಡು ಬರುತ್ತದೆ, ಕಾರ್ಡು ಬಂದರೆ ಆಪಾ ಮತ್ತೆ ಕೌಂಟರಿಗೆ ಬರುತ್ತಾಳೆ, ಬಂದು ಮತ್ತೆ ಅಣ್ಣಾ ಎನ್ನುತ್ತಾಳೆ... ಅದನ್ನು ಎದುರಿಸುವ ಮನಸ್ಸು ನನಗಿರಲಿಲ್ಲ. ಆಫೀಸಿಗೆ ಹೋಗಲು ತಗಡಿನ ಚಪ್ಪರದ ಮುಂದಿನ ದಾರಿ ಬಿಟ್ಟು, ಹಿಟ್ಟಿನ ಗಿರಣಿಯ ಕಡೆಯಿಂದ ಸುತ್ತು ಹಾಕಿ ಹೋಗತೊಡಗಿದೆ. ಮಗಳ ಲಂಗದ ಮಡಿಕೆ ಬಿಚ್ಚಿಸುವುದಿದ್ದರೆ ಹೆಂಡತಿಯನ್ನು ಕಳಿಸುತ್ತಿದ್ದೆ. ಹೆಂಡತಿ ಒಮ್ಮೆ ಮಾತ್ರ ಕೇಳಿದಳು, "ನಿಮ್ಮ ಕೈಯಾಗ ಇತ್ತಲ್ರಿ ಅದು?" ಎಂದು. ರೂಲ್ಸ್ ಅಂದ್ರ ರೂಲ್ಸ್ ಎಂದು ನಾನು ಪೇಪರು ಬಿಡಿಸಿದೆ.

ಒಂದೂವರೆ ವರ್ಷದ ಮೇಲೆ ಆಪಾನ ಗಂಡನಿಗೆ ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಲಾರಿಯ ಕೆಲಸ ಸಿಕ್ಕಿತು. ಮನೆ ಖಾಲಿ ಮಾಡುವ ದಿನ ಆಪಾ ನಮ್ಮ ಮನೆಗೆ ಬಂದು ಹೆಂಡತಿಗೆ ಹೇಳಿ ಹೋದಳಂತೆ: "ಲಂಗದಾಗ ಇನ್ನೂ ಒಂದು ಬಟ್ಟು ಐತ್ರಿ ವೈನಿ, ಬರೋ ವರ್ಷ ಬಿಚ್ಚಸ್ರಿ." ನಾನು ಮನೆಯಲ್ಲೇ ಇದ್ದೆ. ಹಿತ್ತಲಲ್ಲಿ ಏನೋ ಕೆಲಸವಿದೆ ಎಂಬಂತೆ ನಿಂತಿದ್ದೆ.

ಇದೆಲ್ಲ ಹಾಗೆಯೇ ಮುಚ್ಚಿಹೋಗುತ್ತಿತ್ತೇನೋ. ಈ ವರ್ಷ ನನ್ನ ಮಗಳ ಪಿಯುಸಿ ರಿಸಲ್ಟು ಬಂತು. ಐವತ್ತೈದು.

ಹುಡುಗಿಗೆ ಬಿಸಿಎ ಮಾಡುವ ಆಸೆ. ಕುಷ್ಟಗಿಯಲ್ಲಿ ಒಂದು ಕಡೆ ವಿಚಾರಿಸಿದೆವು, ಕೊಪ್ಪಳದಲ್ಲಿ ಎರಡು ಕಡೆ. ಕೊನೆಗೆ ಗಂಗಾವತಿಯ ಒಂದು ಖಾಸಗಿ ಕಾಲೇಜಿಗೆ ಹೋದೆವು. ಎಲ್ಲ ಕಡೆಯೂ ಕಿಂಡಿಯೊಳಗಿನವರು ಮೊದಲು ಅಂಕಿ ನೋಡಿದರು, ಆಮೇಲೆ ನನ್ನ ಮಗಳ ಮುಖ. ಗಂಗಾವತಿಯ ಕಿಂಡಿಯಲ್ಲಿ ಕೂತಿದ್ದವನು ನನ್ನ ಹಾಗೆಯೇ ಕನ್ನಡಕ ಹಣೆಗೇರಿಸಿಕೊಂಡಿದ್ದ. "ಐವತ್ತೈದಾ?" ಎಂದ. "ಅರವತ್ತರ ಮ್ಯಾಲಿನವ್ರದು ಮುಗೀಲಿ. ಹೆಸರು ಬರದು ಹೋಗ್ರಿ, ಉಳದ್ರ ನೋಡೋಣ" ಎಂದ. ಮಗಳು ತನ್ನ ಚಪ್ಪಲಿಯ ತುದಿ ನೋಡುತ್ತಿದ್ದಳು. ನಾನೂ ಕಾಲೇಜಿನವನೇ, ಸ್ವಲ್ಪ ನೋಡ್ರಿ ಎಂದು ಹೇಳಲು ಬಾಯಿ ತೆರೆದೆ. ಹೇಳದೆ ಮಗಳ ಹೆಸರು ಬರೆದೆ. ಆ "ಐವತ್ತೈದಾ?" ಎಂಬ ದನಿಯನ್ನು ನಾನು ಗುರುತಿಸಿದ್ದೆ. ಅದು ನನ್ನದೇ.

ಕಾಲೇಜಿನಿಂದ ಹೊರಗೆ ಬಂದವನು ಬಸ್ ಸ್ಟ್ಯಾಂಡಿಗೆ ಹೋಗದೆ, ಮಗಳನ್ನೂ ಕರೆದುಕೊಂಡು ಗಿರಣಿಗಳ ಕಡೆಯ ಓಣಿಗಳಲ್ಲಿ ದರ್ಜಿಗಳನ್ನು ವಿಚಾರಿಸುತ್ತ ಹೊರಟೆ. ಯಲಬುರ್ಗಾ ಕಡೆಯಿಂದ ಬಂದ, ಸಾಲಿ ಯುನಿಫಾರ್ಮು ಹೊಲಿಯುವ ಆಪಾ ಎಂದರೆ ಮೂರನೆಯವನಿಗೇ ಗೊತ್ತಿತ್ತು. ಮನೆ ತೋರಿಸಿದ. ಬೇರೇನನ್ನೂ ಹೇಳಲಿಲ್ಲ.

ಅದೇ ಮಷಿನ್ನು. ಅದರ ಮುಂದೆ ಕೂತಿದ್ದವಳು ಆಪಾ ಅಲ್ಲ, ಮಗಳು. ನಾನು ಯಾರೆಂದು ಹೇಳಿದ ಕೂಡಲೆ ಎದ್ದು ನಿಂತಳು. "ಅಯ್ಯ, ಮಾಮಾ! ಒಳಗ ಬರ್ರಿ" ಎಂದಳು. ತಾಯಿ ಅಣ್ಣಾ ಎಂದು ಕರೆದವನು ಮಗಳಿಗೆ ಮಾಮಾ ಆಗಿದ್ದ.

"ಅಮ್ಮಿ ಹೋಗಿ ಎರಡು ವರ್ಷ ಆತ್ರಿ ಮಾಮಾ. ಕಾಮಾಲಿ ಆಗಿತ್ತು, ತಡಾ ಆಗಿ ಗೊತ್ತಾತು."

ನಾನು ಕೂತೆ. ಹುಡುಗಿ ನನ್ನ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಎಷ್ಟು ಬಂತು ಎಂದು ಕೇಳಿದಳು. ಐವತ್ತೈದು ಎಂದು ಮಗಳು ಸಣ್ಣ ದನಿಯಲ್ಲಿ ಹೇಳಿದಾಗ, "ನನಗ ಐವತ್ತೊಂದ ಬಿದ್ದಿದ್ದು. ಬಿ.ಎ. ಮೂರನೇ ವರ್ಷ ಅದೀನಿ ಈಗ. ಸೀಟು ಸಿಗ್ತಾವು, ನೀ ಹೆದರಬ್ಯಾಡ" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಅಡ್ಮಿಷನ್ನಿಗೆ ಅಮ್ಮಿ ತಾನ ಬಂದಿದ್ಲು ಮಾಮಾ, ಆರಾಮಿಲ್ಲಂದ್ರೂ. ಕಾರ್ಡ್ ಲ್ಯಾಮಿನೇಷನ್ ಮಾಡಸಾಕ ಒಟ್ಟ ಬಿಡಲಿಲ್ಲ" ಎಂದಳು.

"ಏನಂತಿದ್ಲು?" ಎಂದೆ.

"ನಿಮ್ಮ ಸುದ್ದಿ ಹೇಳ್ತಿದ್ಲು. ಆ ಅಣ್ಣ ನನ್ನ ಸಲುವಾಗಿ ಭಾಳ ಮಾಡಿದ್ರು, ಡುಪ್ಲಿಕೇಟಿಗೂ ಬರದಿದ್ರು, ಅದು ಮ್ಯಾಲಿಂದ ಬರಲಿಲ್ಲ ಅಷ್ಟ. ತಪ್ಪೆಲ್ಲಾ ನಂದ, ಇಸ್ತ್ರಿ ಭಾಳ ಕಾಯಿಸಿಬಿಟ್ಟೆ ಅಂತಿದ್ಲು. ಕಡೀತನಕಾ ಅದನ್ನ ಅಂತಿದ್ಲು."

ಮಷಿನ್ನಿನ ಖಾನೆ ಎಳೆದು, ದಾರದ ಉಂಡೆಗಳ ಕೆಳಗಿನಿಂದ ಆ ಪ್ಲಾಸ್ಟಿಕ್ ಹಾಳೆ ತೆಗೆದು ತೋರಿಸಿದಳು. ಹಳದಿಯಾಗಿತ್ತು. ಅಂಕಿಗಳು ಉಲ್ಟಾ ಕಾಣುತ್ತಿದ್ದವು. ಕಾಗದ ಎಲ್ಲಿ ಹೋಯಿತೋ ಆಕೆಗೂ ಗೊತ್ತಿರಲಿಲ್ಲ.

ಆಗ ಹೇಳಬೇಕಿತ್ತು. ಎರಡು ವಾಕ್ಯದ ಮಾತು. ನನ್ನ ಮಗಳು ಪಕ್ಕದಲ್ಲಿ ಕೂತು ಅಪ್ಪ ಯಾರಿಗೋ ಉಪಕಾರ ಮಾಡಿದ್ದ ಎಂಬ ಹೆಮ್ಮೆಯಿಂದ ನನ್ನನ್ನೇ ನೋಡುತ್ತಿದ್ದಳು. ಹುಡುಗಿ ಚಹಾ ತಂದಳು. ನಾನು ಕುಡಿದೆ. ಹನ್ನೊಂದು ವರ್ಷದ ಹಿಂದೆ ಹೇಗೆ ಕುಡಿದಿದ್ದೆನೋ ಹಾಗೆಯೇ, ಬಾಯಿ ಮುಚ್ಚಿಕೊಂಡು. ಹೊರಡುವಾಗ ಆಕೆ ನನ್ನ ಕಾಲು ಮುಟ್ಟಲು ಬಾಗಿದಾಗ ಹಿಂದೆ ಸರಿದೆ, ಅಷ್ಟು ಮಾತ್ರ ನನ್ನಿಂದಾಯಿತು.

ಬಸ್ಸಿನಲ್ಲಿ ಮಗಳು ಕೇಳಿದಳು. "ಅವ್ರಿಗೆ ನೀ ಏನ್ ಮಾಡಿದ್ದೆಪ್ಪಾ?"

"ಹೇಳ್ತೀನಿ" ಎಂದೆ. ಮನೆಗೆ ಬಂದು ಕಪಾಟಿನ ತಳ ಹುಡುಕಿದೆ. ಪಂಚಾಂಗ ಎಂದೋ ರದ್ದಿಗೆ ಹೋಗಿದೆ, ಫಾರ್ಮೂ ಅದರ ಜೊತೆ. ಸಿಕ್ಕಿದ್ದು ಹೆಂಡತಿ ಎತ್ತಿಟ್ಟಿದ್ದ ಮಗಳ ನೀಲಿ ಲಂಗ. ಒಳಗಿನ ಆ ಕೊನೆಯ ಬಟ್ಟನ್ನು ನಾವು ಬಿಚ್ಚಿಸಲೇ ಇಲ್ಲ.

ಈ ಜೂನಿನಲ್ಲಿಯೂ ನಾನು ಕೌಂಟರಿನಲ್ಲಿ ಕೂತಿದ್ದೇನೆ. ಲ್ಯಾಮಿನೇಷನ್ ಮಾಡಿದ ಕಾರ್ಡುಗಳು ಬರುತ್ತಲೇ ಇರುತ್ತವೆ, ತೆಗೆದುಕೊಳ್ಳುತ್ತೇನೆ. ಅದರಿಂದ ಯಾವ ಪಾಪವೂ ತೊಳೆದುಹೋಗುವುದಿಲ್ಲ, ಅದು ಮೊದಲಿನಿಂದಲೂ ಮಾಡಬೇಕಿದ್ದ ಕೆಲಸ. ಇದನ್ನು ಬರೆದು ಮುಗಿಸಿ ಮೊದಲು ಮಗಳ ಕೈಗೆ ಕೊಡುತ್ತೇನೆ. ಆಮೇಲೆ ಒಂದು ಪ್ರತಿ ಗಂಗಾವತಿಯ ಆ ಹುಡುಗಿಗೆ ಹೋಗುತ್ತದೆ, ಅಂಚೆಗೆ ಹಾಕುವುದು ನಾನಲ್ಲ, ಮಗಳು. ನನ್ನ ಕೈಗೆ ಬಿಟ್ಟರೆ ಏನಾಗುತ್ತದೆ ಎಂದು ನನಗೆ ಗೊತ್ತಿದೆ. ತಲುಪಬೇಕಾದವಳಿಗೆ ಮಾತ್ರ ಇದು ತಲುಪುವುದಿಲ್ಲ. ತಪ್ಪು ತನ್ನದೇ ಎಂದುಕೊಂಡೇ ಆಕೆ ಹೋಗಿಬಿಟ್ಟಳು.

ಇಸ್ತ್ರಿ ಹೆಚ್ಚು ಕಾದಿರಲಿಲ್ಲ, ಆಪಾ. ಅಂಥ ನಿಯಮವೇ ಇರಲಿಲ್ಲ.